ಕೌದಿಯ ತುತ್ತು

ಮಣೆಗಳ ಊರು ಎಂದರೆ ಆ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಅಲ್ಲಿ ಕೆಲಸಕ್ಕೊಂದು ಮಣೆ, ಮಣೆಗೊಂದು ಕೆಲಸ. ದೀಪ ಹಚ್ಚುವವನಿಗೆ ಒಂದು ಮಣೆ, ನೀರು ಅಳೆಯುವವನಿಗೆ ಒಂದು ಮಣೆ, ಸತ್ತವರ ಹೆಸರನ್ನು ಗಾಳಿಗೆ ಹೇಳುವವನಿಗೆ ಒಂದು ಮಣೆ. ಊರು ಹುಟ್ಟಿದ ದಿನ ಒಂದೇ ಮರ ಕಡಿದು ಎಷ್ಟು ಮಣೆ ಆದವೋ ಅಷ್ಟೇ. ಆಮೇಲೆ ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಒಬ್ಬರು ಏಳದೆ ಇನ್ನೊಬ್ಬರು ಕೂರುವಂತಿಲ್ಲ. ಮಣೆ ಇದ್ದವರಿಗೆ ಗೋಡೆಯೊಳಗೆ ಮನೆ, ಇಲ್ಲದವರಿಗೆ ಗೋಡೆಯಾಚೆ ಬಯಲು. ಇಷ್ಟಾದರೂ ಊರಿನವರು ಒಂದು ಮಾತನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು: 'ಕೆಲಸ ಕೇಳಿ ಬಂದವರಿಗೆ ನಮ್ಮೂರಲ್ಲಿ ಇವತ್ತಿನವರೆಗೆ ಯಾರೂ ಇಲ್ಲ ಅಂದಿಲ್ಲ.' ಮಾತು ಸುಳ್ಳಲ್ಲ. ಇಲ್ಲ ಅನ್ನುವುದಕ್ಕೂ ಒಂದು ಎದೆಗಾರಿಕೆ ಬೇಕಾಗುತ್ತದೆ.

ಆ ಊರಿನಿಂದ ದೂರದೂರಿನ ಒಬ್ಬ ಗಂಡನಿಗೆ ಕರೆ ಬಂತು. ಗಂಡ ಮೃದು ಮಾತಿನವನು. ಅವನ ಹುಟ್ಟೂರಿನಲ್ಲಿ ಯಾರ ಮನೆಗಾದರೂ ಕೆಟ್ಟ ಸುದ್ದಿ ಮುಟ್ಟಿಸಬೇಕಾದರೆ ಅವನನ್ನೇ ಕಳಿಸುತ್ತಿದ್ದರು. ಎತ್ತು ಸತ್ತದ್ದನ್ನೂ ಸಂಬಂಧ ಮುರಿದದ್ದನ್ನೂ ಅವನು ಎಷ್ಟು ಮೆತ್ತಗೆ ಹೇಳುತ್ತಿದ್ದನೆಂದರೆ, ಕೇಳಿದವರು ಅವನಿಗೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿ, ಅವನು ಓಣಿ ದಾಟಿದ ಮೇಲೆ ಅಳುತ್ತಿದ್ದರು. ಅಂಥವನಿಗೆ ಮಣೆಗಳ ಊರಿನಲ್ಲಿ ಒಂದು ಮಣೆ ತೆರವಾಗಿದೆಯಂತೆ ಎಂದು ಕೇಳಿ ಊರಿಗೆ ಊರೇ ಬೆರಗಾಯಿತು. ಎಂಥ ಕೆಲಸ ಎಂದು ಯಾರೂ ಕೇಳಲಿಲ್ಲ. ಮಣೆ ಸಿಕ್ಕಿತಲ್ಲ, ಅದೇ ದೊಡ್ಡದಾಯಿತು.

ಅವನ ಹೆಂಡತಿ ಕೌದಿ ಹೊಲಿಯುವವಳು. ಹಳೆಯ ಸೀರೆ, ಹರಿದ ಧೋತರ, ಕೂಸಿನ ಕುಲಾವಿ, ಏನು ತಂದುಕೊಟ್ಟರೂ ಪದರದ ಮೇಲೆ ಪದರ ಹಾಸಿ, ಇರುವೆ ಸಾಲಿನ ಹಾಗೆ ಹೊಲಿಗೆ ಹಾಕಿ ಬೆಚ್ಚಗಿನ ಹೊದಿಕೆ ಮಾಡಿಕೊಡುತ್ತಿದ್ದಳು. ಅವಳ ಸರದಿಗಾಗಿ ನಲವತ್ತು ಮನೆ ಕಾಯುತ್ತಿದ್ದವು. ಬಸುರಿಯಿದ್ದ ಮನೆಯವರು ಮೂರು ತಿಂಗಳ ಮೊದಲೇ ಬಂದು ಹೇಳಿಹೋಗುತ್ತಿದ್ದರು.

ಅವಳದೊಂದು ಪದ್ಧತಿ ಇತ್ತು. ಮೂರು ಮೂಲೆ ಹೊಲಿದು, ನಾಲ್ಕನೆಯ ಮೂಲೆ ಮುಚ್ಚುವ ಮೊದಲು, ಉಗುರಿನಷ್ಟು ರೊಟ್ಟಿಚೂರನ್ನು ಒಳಗಿಟ್ಟು ಹೊಲಿಯುತ್ತಿದ್ದಳು. ಅದು ಕೌದಿಯ ತುತ್ತು. ಅವಳ ಅಜ್ಜಿ ಹೇಳಿಕೊಟ್ಟದ್ದು. 'ಮೈ ಬೆಚ್ಚಗ ಇಡೂದು ತಾನ ಹಸದಿರಬಾರದವ್ವಾ,' ಎನ್ನುತ್ತಿದ್ದಳು ಅಜ್ಜಿ, 'ಹಸದ ಕೌದಿ ಹೊತ್ತವರ ನಿದ್ದಿ ತಿಂತೈತಿ.'

ಕರೆ ಬಂದ ದಿನ ಅವಳು ಸೂಜಿ ಹಿಡಿದುಕೊಂಡೇ ಕೇಳಿದಳು: 'ಅಲ್ಲಿ ನನಗ ಯಾರ ಗೊತ್ತದಾರ?'

'ಎಲ್ಲಾ ಊರಾಗೂ ಚಳಿ ಇರತೈತಿ,' ಎಂದ ಗಂಡ. 'ಚಳಿ ಇದ್ದಲ್ಲಿ ಕೌದಿ ಬೇಕ ಬೇಕು. ನೀ ಗೊತ್ತಿರೂದು ಬ್ಯಾಡ. ನಿನ್ನ ಕೈ ಗೊತ್ತಾದರ ಸಾಕು.'

ಅವನ ಮಾತಿನ ಮೆದುವಿಗೆ ಸೋಲದವರು ಯಾರು? ನಲವತ್ತು ಮನೆಗೂ ಹೋಗಿ ಹೇಳಿ ಬಂದಳು. ಒಂದೊಂದು ಮನೆಯವರೂ ನೆನಪಿಗೆಂದು ಒಂದೊಂದು ಚಿಂದಿ ಬಟ್ಟೆ ಕೊಟ್ಟರು. ಸೂಜಿ, ದಾರ, ಆ ಚಿಂದಿಗಳ ದೊಡ್ಡ ಗಂಟು, ಇಷ್ಟು ಹೊತ್ತು ಗಂಡನ ಹಿಂದೆ ನಡೆದಳು.

ಊರಬಾಗಿಲಿನಲ್ಲಿ ಕೂಗುವವನು ನಿಂತಿದ್ದ. ಊರಿನ ಕಟ್ಟಳೆಗಳನ್ನು ಕೂಗಿ ಹೇಳುವುದು ಅವನ ಮಣೆಯ ಕೆಲಸ. ಗಂಡನ ಕೈಗೆ ಮನೆಯ ಬೀಗದಕೈ ಕೊಟ್ಟು, ಎದುರಿಗೇ ಇದ್ದವನಿಗೆ ಹತ್ತು ಹರದಾರಿ ಕೇಳುವ ಹಾಗೆ ಕೂಗಿದ: 'ಮಣೆಯ ಮಾತು ಮನೆಗೆ ತರಬಾರದು!'

'ಮತ್ತೆ ನನಗ?' ಎಂದಳು ಕೌದಿಯವಳು.

'ನಿಮಗೇನಮ್ಮಾ, ಧಾರಾಳವಾಗಿ ಬನ್ನಿ. ನಾಳೆ ಬೆಳಿಗ್ಗೆ ಬಯಲಿಗೆ ಒಂದು ಮಾದರಿ ತನ್ನಿ. ಒಂದು ಗೇಣು ಉದ್ದ, ಒಂದು ಗೇಣು ಅಗಲ. ಜಾಸ್ತಿ ಬೇಡ. ನಮ್ಮೂರಲ್ಲಿ ಯಾರಿಗೂ ಇಲ್ಲ ಅನ್ನಲ್ಲ.'

ಎಷ್ಟು ಒಳ್ಳೆಯ ಊರು ಎಂದುಕೊಂಡಳು ಪಾಪ.

ಊರಗೋಡೆಗೆ ಅಂಟಿಕೊಂಡಂತೆ ಒಂದು ಮಣ್ಣಿನ ಕೋಣೆ. ಅದರ ಬಾಗಿಲು ಊರಿನ ಒಳಕ್ಕೆ, ಕಿಂಡಿ ಹೊರಗಿನ ಬಯಲಿಗೆ. ಕಿಂಡಿಗೆ ಬಿದಿರಿನ ತಟ್ಟಿ, ತಟ್ಟಿಯ ಕೆಳಗೆ ಒಂದು ಹಿತ್ತಾಳೆಯ ಹರಿವಾಣ. ಕೆಲಸ ಬೇಡುವವರು ಬೆಳಗಾಗುವುದರೊಳಗೆ ಸಾಲು ನಿಲ್ಲುತ್ತಾರೆ. ಬರಿಗಾಲಲ್ಲಿ ನಿಲ್ಲಬೇಕು. ಸರದಿ ಬಂದಾಗ ಮಾದರಿಯನ್ನು ಹರಿವಾಣದಲ್ಲಿ ಇಡಬೇಕು. ಹರಿವಾಣ ಒಳಗೆ ಹೋಗುತ್ತದೆ. ನೂರು ಎಣಿಸುವಷ್ಟು ಹೊತ್ತು. ಹರಿವಾಣ ಬರಿದಾಗಿ ಹೊರಗೆ ಬರುತ್ತದೆ. ಆಮೇಲೆ ಒಂದು ದನಿ. ಖಾಲಿ ಕೊಡದೊಳಗೆ ಬಾಯಿಟ್ಟು ಆಡಿದ ದನಿ, ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ, ಕೊಡದ್ದೇ ದನಿ.

'ನೋಡೋಣ.'

ಮೊದಲ ದಿನ ಕೌದಿಯವಳು ಸಾಲಿನಲ್ಲಿ ಕೊನೆಯವಳು. ಅವಳ ಮುಂದೆ ಬುಟ್ಟಿಯವಳು ನಿಂತಿದ್ದಳು. ಅವಳೂ ಗಂಡನ ಬೆನ್ನು ಹತ್ತಿ ಬಂದವಳೇ. ಅವಳ ಗಂಡ ಮಣೆಯ ಮೇಲೆ ಕೂತು ಕೂತು ಸತ್ತ. ಮಣೆ, ಮನೆ ಎರಡೂ ಹೋದವು. ಈಗ ಬಯಲಿನಲ್ಲೇ ಬಿದಿರು ಸೀಳಿ ದಿನಕ್ಕೊಂದು ಬುಟ್ಟಿ ಹೆಣೆದು ಹರಿವಾಣದಲ್ಲಿಡುತ್ತಾಳೆ. ತಲೆ ನರೆತಿದೆ, ಕೈ ಮಾತ್ರ ನರೆತಿಲ್ಲ.

ಕೌದಿಯವಳು ಆ ಬೆಳಿಗ್ಗೆ ಬೇಗನೆದ್ದು ಜೋಳದ ರೊಟ್ಟಿ ಬಡಿದಿದ್ದಳು. ಗಂಡನಿಗೆ ಬುತ್ತಿ ಕಟ್ಟಿ, ಅದೇ ರೊಟ್ಟಿಯಿಂದ ಒಂದು ಚೂರು ಮುರಿದು ಮಾದರಿಯ ನಾಲ್ಕನೆಯ ಮೂಲೆಯಲ್ಲಿಟ್ಟು ಹೊಲಿದಿದ್ದಳು. ಗೇಣುದ್ದದ ಕೌದಿಯಾದರೂ ಕೌದಿಯೇ ತಾನೆ, ಅದಕ್ಕೂ ಹೊಟ್ಟೆ ಇರುತ್ತದೆ. ಹರಿವಾಣದಲ್ಲಿಟ್ಟಳು. ಒಳಗೆ ಹೋಯಿತು. ನೂರು ಎಣಿಸಿದಳು. ಆ ದಿನ ನೂರು ದಾಟಿ ನೂರಾ ಮೂವತ್ತಕ್ಕೆ ಹೋಯಿತು. ಆಮೇಲೆ ದನಿ ಬಂತು: 'ನೋಡೋಣ.'

ಕುಣಿಯುತ್ತ ಮನೆಗೆ ಬಂದಳು. ಅವಳೂರಿನಲ್ಲಿ ಯಾರಾದರೂ ನೋಡೋಣ ಎಂದರೆ ಅದೇ ದಿನ ಸಂಜೆ ನೋಡಲು ಬರುತ್ತಿದ್ದರು. ಹೆಣ್ಣನ್ನಾಗಲಿ, ಎಮ್ಮೆಯನ್ನಾಗಲಿ, ನೋಡೋಣ ಎಂದವರು ನೋಡದೆ ಬಿಡುವುದು ಮಾನವಂತರ ಲಕ್ಷಣವಲ್ಲ. ಅವಳು ಹೊಸ್ತಿಲು ತೊಳೆದಳು, ಅಂಗಳ ಗುಡಿಸಿದಳು, ಚಾಪೆ ಹಾಸಿದಳು, ಒಂದು ತಂಬಿಗೆ ನೀರು, ಒಂದು ತಟ್ಟೆಯಲ್ಲಿ ಬೆಲ್ಲ ಇಟ್ಟು ಬಾಗಿಲಲ್ಲಿ ಕೂತಳು.

ಯಾರೂ ಬರಲಿಲ್ಲ. ಹೊತ್ತು ಇಳಿಯುವಾಗ ಗಂಡ ಬಂದ.

'ಯಾರಿಗೆ ಕಾಯಾಕತ್ತಿ?'

'ನೋಡೋಣ ಅಂದಾರ್ರಿ. ನೋಡಾಕ ಬರಬೇಕಲ್ಲ?'

ಗಂಡ ಅವಳ ಮುಖ ನೋಡಲಿಲ್ಲ. ಚಾಪೆಯ ಮೇಲೆ ಕೂತು ತಂಬಿಗೆಯ ನೀರನ್ನು ಗಟಗಟನೆ ಕುಡಿದ. ಬೆಲ್ಲ ಮುಟ್ಟಲಿಲ್ಲ.

ಮರುದಿನ ಮತ್ತೆ ಹೋದಳು. 'ನಿನ್ನೆಯದು ನಿನ್ನೆಗೆ ಆಯ್ತಮ್ಮಾ,' ಎಂದ ಕೂಗುವವನು. 'ಇವತ್ತಿಗೆ ಇವತ್ತಿನದು ತರಬೇಕು.' ಇನ್ನೊಂದು ಹೊಲಿದು ತಂದಳು. ಹರಿವಾಣ ಒಳಗೆ ಹೋಯಿತು. ಹರಿವಾಣ ಹೊರಗೆ ಬಂತು. ನೋಡೋಣ. ಮನೆಗೆ ಬಂದು ಅಂಗಳ ಗುಡಿಸಿದಳು, ಚಾಪೆ ಹಾಸಿದಳು, ನೀರು ಬೆಲ್ಲ ಇಟ್ಟಳು. ಸಂಜೆ ಗಂಡ ಬಂದು ನೀರು ಕುಡಿದ. ಮೂರನೆಯ ದಿನವೂ ಹಾಗೆಯೇ. ಹತ್ತನೆಯ ದಿನವೂ ಹಾಗೆಯೇ. ದಿನಕ್ಕೊಂದರಂತೆ ಒಂದು ಕೆಂಪು ದಾರಕ್ಕೆ ಗಂಟು ಹಾಕುತ್ತ ಬಂದಳು. ದಾರ ಗಂಟುಗಂಟಾಗಿ ಗಿಡ್ಡವಾಗುತ್ತ ಹೋಯಿತು.

ಹುಟ್ಟೂರಿನ ಚಿಂದಿಗಳೂ ಕರಗುತ್ತ ಬಂದವು. ಗೌಡರ ಮುದುಕಿಯ ಸೀರೆಯ ತುಂಡು ಹೋಯಿತು, ಬಡಿಗೇರ ಮನೆಯ ಕೂಸಿನ ಕುಲಾವಿ ಹೋಯಿತು, ತಂಬೂರಿಯವನ ಹಳದಿ ರುಮಾಲು ಹೋಯಿತು. ಒಂದೊಂದು ತುಂಡು ಹರಿವಾಣಕ್ಕೆ ಬಿದ್ದಾಗಲೂ ಒಂದೊಂದು ಮನೆ ಅವಳ ಕೈಬಿಟ್ಟು ಹೋದ ಹಾಗೆ ಆಗುತ್ತಿತ್ತು. ಚಿಂದಿ ಮುಗಿದ ಮೇಲೆ ತನ್ನ ಸೀರೆಗಳನ್ನೇ ಕತ್ತರಿಸತೊಡಗಿದಳು.

'ನಾ ಏನ ತಪ್ಪ ಮಾಡಾಕತ್ತೇನಿ?' ಎಂದು ಒಂದು ಸಂಜೆ ಗಂಡನನ್ನು ಕೇಳಿದಳು. 'ನನ್ನ ಹೊಲಿಗಿ ಕೆಟ್ಟೈತೇನ್ರಿ? ಕೈ ಹೋಗೇತೇನು?'

'ಕೈ ಹೋಗಿಲ್ಲ,' ಎಂದ ಗಂಡ. ಅಷ್ಟು ಬೇಗ, ಅಷ್ಟು ಗಟ್ಟಿಯಾಗಿ ಅವನು ಯಾವ ಮಾತನ್ನೂ ಆಡಿದ್ದಿಲ್ಲ. ಆಮೇಲೆ ಮೆತ್ತಗೆ ಸೇರಿಸಿದ: 'ಇನ್ನೊಂದ ಸ್ವಲ್ಪ ದಿನ ತಡಿ.'

ತಡೆದಳು. ಬಯಲಿನ ನೆಲ ಕಾದು ಅವಳ ಅಂಗಾಲಿಗೆ ಬೊಬ್ಬೆ ಬಂತು. ಬೊಬ್ಬೆ ಒಡೆದು ಜಡ್ಡಾಯಿತು.

ತೊಂಬತ್ತಾರನೆಯ ಗಂಟು ಹಾಕಿದ ದಿನ. ಜೋಳ ಮುಗಿದಿತ್ತೆಂದು ಬೆಳಿಗ್ಗೆ ಸಜ್ಜೆಯ ರೊಟ್ಟಿ ಮಾಡಿದ್ದಳು. ಬಯಲಿನಿಂದ ಮಧ್ಯಾಹ್ನ ಮರಳುವಾಗ ಪೇಟೆಬೀದಿಯಲ್ಲಿ ನೀರು ಅಳೆಯುವವನು ತನ್ನ ಮಣೆಯಿಂದ ಎದ್ದ. ಆ ಊರಿನಲ್ಲಿ ಮಣೆಯವರು ಏಳುವುದೇ ಅಪರೂಪ. ಬೆನ್ನು ತುರಿಸಿದ್ದರಿಂದ ಕಂಬಕ್ಕೆ ಉಜ್ಜಿಕೊಳ್ಳಲು ಎದ್ದಿದ್ದನಷ್ಟೇ. ಮಣೆ ಬರಿದಾಯಿತು. ಅದರ ಮೇಲೆ ಹಳದಿ ಬಣ್ಣದ ಒಂದು ಮೆತ್ತೆ ಇತ್ತು. ಒಂದು ಗೇಣು ಉದ್ದ, ಒಂದು ಗೇಣು ಅಗಲ.

ತಂಬೂರಿಯವನ ರುಮಾಲು.

ಕತ್ತು ತಿರುಗಿಸಿ ನೋಡಿದಳು. ದೀಪ ಹಚ್ಚುವವನ ಕೆಳಗೆ ಗೌಡರ ಮುದುಕಿಯ ಸೀರೆ. ಬಾಗಿಲು ಕಾಯುವವನ ಕೆಳಗೆ ಕೂಸಿನ ಕುಲಾವಿ. ಬೀದಿಯ ಈ ತುದಿಯಿಂದ ಆ ತುದಿಗೆ ಸಾಲು ಮಣೆಗಳು, ಮಣೆಯ ಮೇಲೆ ಅವಳ ಹೊಲಿಗೆ, ಹೊಲಿಗೆಯ ಮೇಲೆ ಊರು. ಊರು ಬೆಚ್ಚಗೆ ಕೂತಿತ್ತು. ಅವಳಿಗೆ ಮೈಯೆಲ್ಲ ತಣ್ಣಗಾಯಿತು.

ಬಾಗಿ ಹಳದಿ ಮೆತ್ತೆಯ ನಾಲ್ಕನೆಯ ಮೂಲೆಯನ್ನು ಬೆರಳಲ್ಲಿ ಒತ್ತಿದಳು. ಚಪ್ಪಟೆ. ಒಳಗೆ ಏನೂ ಇಲ್ಲ.

'ಏನಮ್ಮಾ ಹುಡುಕ್ತಿದ್ದೀಯ?' ಎಂದ ನೀರು ಅಳೆಯುವವನು.

'ಇದು ನಂದು.'

'ನಿಂದು ಹೇಗಾಗುತ್ತೆ? ನನ್ನ ಮಣೆ ಮೇಲಿದೆ.' ಅವನು ಕೋಪದಿಂದೇನೂ ಹೇಳಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವ ಹಾಗೆ ಹೇಳಿ ಮತ್ತೆ ಕೂತ. ಅವನು ಕೂರುವ ಮೊದಲೇ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಆ ಮೂಲೆಯನ್ನು ಯಾರೋ ಬಿಚ್ಚಿ, ಮತ್ತೆ ಮೂರು ಹೊಲಿಗೆ ಹಾಕಿ ಮುಚ್ಚಿದ್ದರು. ದಾರವನ್ನು ಎರಡು ಸುತ್ತು ಸುತ್ತಿ ಎಡಕ್ಕೆ ಗಂಟು. ಎಡಕ್ಕೆ ಗಂಟು ಹಾಕುವುದನ್ನು ಅವಳು ಬದುಕಿನಲ್ಲಿ ಒಬ್ಬರಿಗೆ ಮಾತ್ರ ಹೇಳಿಕೊಟ್ಟಿದ್ದಳು, ಮದುವೆಯಾದ ಹೊಸತರಲ್ಲಿ, ಅಂಗಿಯ ಗುಂಡಿ ಹಚ್ಚಿಕೊಳ್ಳಲು ಒದ್ದಾಡುತ್ತಿದ್ದವನಿಗೆ. ಕಣ್ಣು ಕಂಡಿತು. ಮನಸ್ಸು ಒಪ್ಪಲಿಲ್ಲ.

ಓಡಿ ಬಯಲಿಗೆ ಬಂದು ಬುಟ್ಟಿಯವಳ ಮುಂದೆ ಕುಸಿದಳು. ಕಂಡದ್ದನ್ನು ಹೇಳಿದಳು. ಬುಟ್ಟಿಯವಳು ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ.

'ಈಗ ಗೊತ್ತಾಯ್ತಾ ತಂಗೀ? ಈ ಊರಿನ ಅನ್ನ ಪೂರಾ ನನ್ನ ಬುಟ್ಟಿಯಲ್ಲೇ ಬಸಿಯೋದು. ಆಚೆ ನಿಂತಿರೋ ಚಮ್ಮಾರಣ್ಣನ ಚಪ್ಪಲಿ ಹಾಕ್ಕೊಂಡೇ ಇವರೆಲ್ಲ ಓಡಾಡೋದು. ಒಳಗಿರೋರು ಕೂತಿರ್ತಾರೆ. ಊರು ನಡೆಯೋದು ನಮ್ಮ ಮಾದರಿಯಿಂದ.'

'ಗೊತ್ತಿದ್ದೂ ಯಾಕ ಕೊಡ್ತೀರಿ ಅಕ್ಕಾ?'

'ಕೊಡದಿದ್ರೆ ನೋಡೋಣ ಅನ್ನೋದೂ ನಿಂತುಹೋಗುತ್ತಲ್ಲ.'

ಆ ಸಂಜೆ ಅವಳು ಅಂಗಳ ಗುಡಿಸಲಿಲ್ಲ. ಗಂಡ ಬಂದು ಹಿತ್ತಲಿಗೆ ಕಾಲು ತೊಳೆಯಲು ಹೋದ. ಗೂಟಕ್ಕೆ ಅವನ ಎಲೆಯಡಿಕೆಯ ಸಂಚಿ ತೂಗುತ್ತಿತ್ತು. ಅವಳೇ ಹೊಲಿದುಕೊಟ್ಟ ಸಂಚಿ. ಈ ಊರಿಗೆ ಬಂದ ಮೇಲೆ ಅವನು ಎಲೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದ. ಎಲೆ ಬಿಟ್ಟವನಿಗೆ ಸಂಚಿ ಯಾಕೆ, ಅದು ಇಷ್ಟು ಯಾಕೆ ಉಬ್ಬಿದೆ? ಇಳಿಸಿ ಬಾಯಿ ಬಿಚ್ಚಿದಳು.

ಒಳಗೆ ರೊಟ್ಟಿಚೂರುಗಳು. ಉಗುರಿನಷ್ಟು ಉಗುರಿನಷ್ಟು. ತಳದಲ್ಲಿದ್ದವು ಕಲ್ಲಾಗಿದ್ದವು, ಮೇಲಿನವು ಒಣಗುತ್ತಿದ್ದವು. ಎಲ್ಲಕ್ಕಿಂತ ಮೇಲೆ ಒಂದು ಚೂರು ಇನ್ನೂ ಮೆತ್ತಗಿತ್ತು. ಅದು ಜೋಳದ್ದಲ್ಲ, ಸಜ್ಜೆಯದು.

ಗಂಡ ಒಳಗೆ ಬಂದಾಗ ಅವಳು ಎರಡೂ ಅಂಗೈ ತುಂಬ ಅವನ್ನು ಹಿಡಿದು ನಿಂತಿದ್ದಳು.

'ಇವು ಏನ್ರಿ?'

ಗಂಡ ನಿಂತಲ್ಲೇ ನಿಂತ. ಅವನ ಕಾಲಿನಿಂದ ನೀರು ಇಳಿದು ನೆಲ ಒದ್ದೆಯಾಯಿತು.

'ಮಣಿ ಮಾತು ಮನಿಗೆ ತರಬಾರದು,' ಎಂದ.

'ಮಾತು ತಂದಿಲ್ಲ ನೀವು. ರೊಟ್ಟಿ ತಂದೀರಿ.'

ಅವನು ಗೋಡೆಗೆ ಒರಗಿ ಹಾಗೆಯೇ ಜಾರಿ ಕೂತ. 'ಮೊದಲನೇ ದಿನಾನ ಗೊತ್ತಾತು. ಹರಿವಾಣ ಒಳಗ ಬಂತು, ಮೂಲಿ ಮುಟ್ಟಿ ನೋಡಿದೆ, ನೀನ ಅಂತ ಗೊತ್ತಾತು.'

'ಗೊತ್ತಾಗಿ ನೋಡೋಣ ಅಂದ್ರಿ.'

'ಬಾ ಅನ್ನಾಕ ಬಾಯಿ ತೆರದಿದ್ದೆ. ಬಾ ಅಂದರ ನಾ ಏಳಬೇಕಂತ. ಈ ಊರಾಗ ಹೊರಗಿನವರಿಗೆ ಇರೂದು ಅದೊಂದ ಮಣಿ. ಉಳಿದದ್ದೆಲ್ಲಾ ಅವರವರ ಮಕ್ಕಳಿಗೆ. ನಾ ಎದ್ದರ ನೀ ಕುಂದ್ರತಿ. ಕುಂತು ಕೌದಿ ಹೊಲಿತಿ ಏನು? ನೋಡೋಣ ಅಂತಿ. ಆ ಮಣಿ ಕೆಲಸ ಅಷ್ಟ. ಅದಕ್ಕಂತನ ನನ್ನಂಥ ಮೆತ್ತನ ಬಾಯಿಯವನ್ನ ಹುಡಿಕ್ಕೊಂಡ ಬಂದಿದ್ರು.'

ತೊಂಬತ್ತೈದು ದಿನ ತೊಳೆದ ಹೊಸ್ತಿಲು, ತೊಂಬತ್ತೈದು ತಂಬಿಗೆ ನೀರು ಅವಳ ಕಣ್ಣೆದುರು ಬಂದವು. ನೋಡೋಣ ಎಂದವನು ದಿನಾ ಸಂಜೆ ತಪ್ಪದೆ ಬಂದೇ ಬಂದಿದ್ದ. ಚಾಪೆಯ ಮೇಲೆ ಕೂತು ನೀರು ಕುಡಿದು ಹೋಗಿದ್ದ.

'ನಲವತ್ತು ಮನಿ ಬಿಟ್ಟು ಬಂದೆನಲ್ಲರಿ ನಾನು,' ಎಂದಳು.

'ನಿನ್ನ ಕೈ ಆ ಕೆಲಸಕ್ಕ ಬಿದ್ದು ಹಾಳಾಗೂದು ಬ್ಯಾಡ ಅಂತ...'

'ನನ್ನ ಕೈ ಉಳೀಲಿ ಅಂತೋ, ನಿಮ್ಮ ಮಣಿ ಉಳೀಲಿ ಅಂತೋ?'

ಅವನು ಮೃದು ಮಾತಿನವನು, ಸುಳ್ಳನಲ್ಲ. 'ನನಗೂ ತಿಳೀವಲ್ದು,' ಎಂದ.

ಮರುದಿನ ಬೆಳಿಗ್ಗೆ ಅವಳು ಹಿಂದಿನ ದಿನದಂತೆ ಸಜ್ಜೆಯ ರೊಟ್ಟಿ ಬಡಿದಳು. ಬುತ್ತಿ ಕಟ್ಟಿಟ್ಟಳು. ಗಂಡ ಚೂರುಗಳನ್ನು ಮತ್ತೆ ತುಂಬಿದ ಸಂಚಿ ಹೆಗಲಿಗೆ ಹಾಕಿ ಬುತ್ತಿ ಹಿಡಿದು ಹೋದ. ಪೆಟ್ಟಿಗೆಯಲ್ಲಿ ಉಳಿದದ್ದು ಧಾರೆಯ ಸೀರೆಯೊಂದೇ. ಅದರ ಸೆರಗು ಕತ್ತರಿಸಿ ಗೇಣುದ್ದದ ಮಾದರಿ ಹೊಲಿದಳು. ಮೂರು ಮೂಲೆ ಆಯಿತು. ನಾಲ್ಕನೆಯದನ್ನು ರೊಟ್ಟಿಚೂರು ಇಡದೆ ಮುಚ್ಚಿದಳು. ಸೂಜಿ ಹಿಡಿದಂದಿನಿಂದ ಅವಳ ಕೈಯಿಂದ ಹಸಿದು ಹೊರಟ ಮೊದಲ ಕೌದಿ ಅದು. ಅಜ್ಜಿಯನ್ನು ನೆನೆಯಬಾರದೆಂದು ಹಲ್ಲು ಕಚ್ಚಿಕೊಂಡು, ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಹೊರಟಳು.

ಬಯಲಿನಲ್ಲಿ ಸಾಲು ನಿಂತಿತ್ತು. ಬುಟ್ಟಿಯವಳ ಬುಟ್ಟಿ ಹೋಯಿತು, ನೋಡೋಣ ಬಂತು. ಕೌದಿಯವಳು ಮಾದರಿ ಇಟ್ಟಳು. ಹರಿವಾಣ ಒಳಗೆ ಹೋಯಿತು.

ನೂರು ಎಣಿಸಿದಳು. ಇನ್ನೂರು ಎಣಿಸಿದಳು. ಒಳಗೆ ಏನೋ ಉರುಳಿದ ಸದ್ದಾಯಿತು, ಕೊಡವೇ ಇರಬೇಕು. ಹರಿವಾಣ ಹೊರಗೆ ಬಂತು. ಅದರ ಮೇಲೆ ಮಾದರಿ ಇತ್ತು. ಕೊಟ್ಟದ್ದು ವಾಪಸು ಬಂದದ್ದನ್ನು ಆ ಬಯಲು ಎಂದೂ ಕಂಡಿರಲಿಲ್ಲ. ಸಾಲಿಗೆ ಸಾಲೇ ಉಸಿರು ಹಿಡಿಯಿತು. ತಟ್ಟಿಯ ಹಿಂದಿನಿಂದ ಕೊಡವಿಲ್ಲದ ದನಿ, ಒಬ್ಬ ಮನುಷ್ಯನ ದನಿ, ಒಡೆದು ಬಂತು:

'ಬಾ.'

ಊರಬಾಗಿಲಿನಲ್ಲಿ ಗಂಡ ಹೆಂಡತಿ ಎದುರುಬದುರಾದರು. ಅವನು ಎದ್ದು ಬರುತ್ತಿದ್ದ, ಅವಳು ಕೂರಲು ಹೋಗುತ್ತಿದ್ದಳು. ಅವನ ಕೈಯಲ್ಲಿ ಬುತ್ತಿ ಬಿಚ್ಚದೆ ಹಾಗೆಯೇ ಇತ್ತು.

'ಮೂಲಿ ಖಾಲಿ ಇತ್ತು. ಇನ್ನ ಏನ ಉಳಸಾಕಂತ ಕುಂದ್ರಲಿ?' ಎಂದ. 'ನೀನರ ಎಲ್ಲಾರಿಗೂ ಬಾ ಅನ್ನು.'

'ಅಂತೇನಿ,' ಎಂದಳು. ಆಣೆಯಿಟ್ಟ ಹಾಗೆ ಎದೆ ಮುಟ್ಟಿಕೊಂಡು ಹೇಳಿದಳು. ಆಗಲೇ ಅವಳ ಮನಸ್ಸಿನಲ್ಲಿ ಎಲ್ಲ ನಿಚ್ಚಳವಾಗಿತ್ತು. ಮೊದಲು ಬುಟ್ಟಿಯವಳಿಗೆ ಬಾ ಅನ್ನುವುದು. ಅವಳು ಕೂತು ಇನ್ನೊಬ್ಬರಿಗೆ ಅನ್ನಲಿ, ಅವರು ಮತ್ತೊಬ್ಬರಿಗೆ. ದಿನಕ್ಕೊಬ್ಬರು ಕೂತರೂ ಒಂದು ದಿನ ಬಯಲಿಗೆ ಬಯಲೇ ಮಣೆ ಕಂಡಿರುತ್ತದೆ.

ಅಂದಿನ ಸಾಲು ಮುಗಿದಿರಲಿಲ್ಲ, ಆದರೆ ಮಣೆಯವರು ಬದಲಾದರೆ ಸಾಲು ಮೊದಲಿನಿಂದ ಶುರುವಾಗಬೇಕೆಂಬುದು ಕಟ್ಟಳೆ. ಕೂಗುವವನು ಅವಳನ್ನು ಕೋಣೆಯೊಳಗೆ ಕರೆದೊಯ್ದ. ಒಂದು ಮಣೆ, ಒಂದು ಖಾಲಿ ಕೊಡ, ಒಂದು ಸೂಜಿ. ಗೂಟಕ್ಕೆ ಗಂಡ ಮರೆತುಹೋದ ಸಂಚಿ. ಮಣೆಯ ಮೇಲೆ ಗೇಣುದ್ದದ ಒಂದು ಮೆತ್ತೆ, ಅವಳೇ ಹೊಲಿದದ್ದು. ಅದರ ಮೇಲೆ ಅವಳು ಕೂತಳು. ಮೆತ್ತಗಿತ್ತು. ಹಾಳಾದದ್ದು, ನಿಜವಾಗಿಯೂ ಮೆತ್ತಗಿತ್ತು. ತೊಂಬತ್ತೇಳು ದಿನ ಬಿಸಿ ನೆಲ ತುಳಿದ ಕಾಲು ಮಡಚಿಕೊಂಡು ಹಗುರಾದವು.

'ಮೂರು ಮಾತು ಕೇಳಿಕೊಳ್ಳಿ,' ಎಂದು ಕೂಗಿದ ಕೂಗುವವನು. 'ದನಿ ಕೊಡದೊಳಗೇ ಆಡಬೇಕು. ಮಾದರಿಯೊಳಗೆ ತಿನ್ನುವುದೇನಾದರೂ ಸಿಕ್ಕಿದರೆ ತೆಗೆದು, ಹೊಲಿದು ಕಳಿಸಬೇಕು, ಇರುವೆ ಬಂದರೆ ಕೂತವರಿಗೆ ಕಚ್ಚುತ್ತವೆ. ಇನ್ನೊಬ್ಬರಿಗೆ ಬಾ ಅಂದು ಮಣೆಯಿಂದ ಎದ್ದರೆ ಮನೆ ಅವತ್ತೇ ಖಾಲಿ ಮಾಡಬೇಕು. ಇದುವರೆಗೆ ನಿಮ್ಮ ಯಜಮಾನರ ಮಣೆಯ ಮೇಲೆ ನೀವು ಮನೆಯಲ್ಲಿದ್ದಿರಿ. ಇನ್ನು ನಿಮ್ಮ ಮಣೆಯ ಮೇಲೆ ಅವರು ಇರಬಹುದು. ನೀವೂ ಎದ್ದರೆ ಇಬ್ಬರಿಗೂ ಬಯಲು.' ಗಂಡನಿಂದ ತಿರುಗಿ ಪಡೆದ ಬೀಗದಕೈ ಅವಳ ಮಡಿಲಿಗೆ ಹಾಕಿ ಹೋದ.

ಹೊರಗೆ ಸಾಲು ನಿಂತಿತು. ಹರಿವಾಣ ಒಳಗೆ ಬಂತು. ಅದರ ಮೇಲೆ ಬುಟ್ಟಿಯವಳ ಇನ್ನೊಂದು ಬುಟ್ಟಿ. ಹಸಿ ಬಿದಿರ ವಾಸನೆ. ಎಂಥ ಹೆಣಿಗೆ! ನೀರು ಹಾಕಿದರೂ ನಿಲ್ಲುವಂತಿತ್ತು. ಅವಳು ಕೊಡವನ್ನು ಎತ್ತಿಕೊಂಡಳು. ಬಾ, ಎಂದು ತುಟಿಯವರೆಗೆ ತಂದುಕೊಂಡಳು. ಒಂದೇ ಅಕ್ಷರ. ಅಷ್ಟರಲ್ಲಿ ಮಡಿಲಿನಲ್ಲಿ ಬೀಗದಕೈ ಸರಿದು ತಣ್ಣಗೆ ತೊಡೆಗೆ ತಾಗಿತು. ಬಯಲಿನಲ್ಲಿ ಬುತ್ತಿ ಹಿಡಿದು ನಿಂತ ಗಂಡ ಕಣ್ಣಿಗೆ ಕಟ್ಟಿದ. ಇವತ್ತೊಂದು ದಿನ, ಎಂದುಕೊಂಡಳು. ಅವನಿಗೊಂದು ದಾರಿ ಆಗಲಿ. ನಾಳೆ.

'ನೋಡೋಣ.'

ಅವಳು ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದಳು. ಹೇಳಿದವರು ಯಾರು? ಕೋಣೆಯಲ್ಲಿ ಯಾರೂ ಇರಲಿಲ್ಲ. ಕೊಡ ಇನ್ನೂ ಸಣ್ಣಗೆ ಗುನುಗುತ್ತಿತ್ತು. ಅವಳದೇ ಉಸಿರು ಅದರೊಳಗೆ ಸುತ್ತುತ್ತಿತ್ತು.

'ಆಗಲಿ ತಾಯೀ,' ಎಂದಳು ಹೊರಗೆ ಬುಟ್ಟಿಯವಳು, ದಿನವೂ ಹೇಳುವ ಹಾಗೆ.

ಎರಡನೆಯದು ಮೊದಲಿನಷ್ಟು ಕಷ್ಟವಾಗಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಚಪ್ಪಲಿ ಬಂತು, ನೋಡೋಣ. ಕೊಡಲಿಯ ಕಾವು ಬಂತು, ನೋಡೋಣ. ದನಿ ನಡುಗಲಿಲ್ಲ. ಕೊಡದಲ್ಲಿ ಯಾರ ದನಿಯೂ ನಡುಗುವುದಿಲ್ಲ.

ಹೊತ್ತು ಇಳಿಯುವಾಗ ಸಾಲಿನ ಕೊನೆಯ ಮಾದರಿ ಬಂತು. ಧಾರೆಯ ಸೀರೆಯ ಉಳಿದ ಅಂಚು. ಗೇಣಿಗಿಂತ ಸ್ವಲ್ಪ ಕಮ್ಮಿ. ಹೊಲಿಗೆ ಕಾಗೆ ಕೆದರಿದ ಹಾಗೆ ಅಂಕುಡೊಂಕು, ಒಂದು ಕಡೆ ರಕ್ತದ ಚುಕ್ಕೆ, ಸೂಜಿ ಬೆರಳಿಗೆ ಹೋಗಿರಬೇಕು. ಗಂಟುಗಳು ಎಡಕ್ಕೆ. ಮೆತ್ತನೆಯ ಮಾತು ಬಿಟ್ಟರೆ ಬೇರೆ ಕಸುಬಿಲ್ಲದವನು ಇಡೀ ಮಧ್ಯಾಹ್ನ ಕೂತು ಅವಳ ಕಸುಬನ್ನು ಹೊಲಿದು ತಂದಿದ್ದ.

ಅವಳು ನಾಲ್ಕನೆಯ ಮೂಲೆ ಮುಟ್ಟಿದಳು. ಒಳಗೆ ಉಗುರಿನಷ್ಟು ಏನೋ ಇತ್ತು.

ಕಣ್ಣು ಕಾಣಲಿಲ್ಲ. ಕೈ ಮಾತ್ರ ಅಭ್ಯಾಸದ ಕೈ, ಅದಕ್ಕೆ ಅಳು ಗೊತ್ತಿಲ್ಲ. ಸೂಜಿಯ ಮೊನೆಯಿಂದ ಮೂಲೆ ಬಿಚ್ಚಿತು, ಸಜ್ಜೆಯ ಚೂರನ್ನು ಹೊರಗೆ ತೆಗೆಯಿತು, ಗೂಟದ ಸಂಚಿಗೆ ಹಾಕಿತು. ಅಲ್ಲಿ ಇನ್ನೂ ಜಾಗವಿತ್ತು. ಆಮೇಲೆ ದಾರ ಪೋಣಿಸಿ ಮೂರು ಹೊಲಿಗೆ ಹಾಕಿ ಮೂಲೆ ಮುಚ್ಚಿತು. ಆ ಊರಿಗೆ ಬಂದ ಮೇಲೆ ಅವಳು ಮಣೆಯ ಮೇಲೆ ಕೂತು, ಕೆಲಸವೆಂದು ಹಾಕಿದ ಮೊದಲ ಹೊಲಿಗೆ ಅವು.

ಬರಿದಾದ ಹರಿವಾಣವನ್ನು ಹೊರಗೆ ತಳ್ಳಿ, ಕೊಡಕ್ಕೆ ಬಾಯಿಟ್ಟು, ಹೇಳಬೇಕಾದದ್ದನ್ನು ಹೇಳಿದಳು.

ಮನೆಗೆ ಬಂದಾಗ ಹೊಸ್ತಿಲು ತೊಳೆದಿತ್ತು. ಅಂಗಳ ಗುಡಿಸಿತ್ತು. ಚಾಪೆ ಹಾಸಿ, ಒಂದು ತಂಬಿಗೆ ನೀರು, ಒಂದು ತಟ್ಟೆಯಲ್ಲಿ ಬೆಲ್ಲ ಇಟ್ಟು ಗಂಡ ಬಾಗಿಲಲ್ಲಿ ಕೂತಿದ್ದ. ಯಾರಿಗೆ ಕಾಯಾಕತ್ತೀರಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನ ಮುಖ ನೋಡದೆ ಚಾಪೆಯ ಮೇಲೆ ಕೂತು, ತಂಬಿಗೆ ಎತ್ತಿ ನೀರನ್ನು ಗಟಗಟನೆ ಕುಡಿದಳು. ಬೆಲ್ಲ ಮುಟ್ಟಲಿಲ್ಲ.